ಸೋತವರ ಓಟು

ಐವತ್ತೆರಡು ವರ್ಷ ತುಂಬುವವರೆಗೆ ನಾನು ಒಂದು ಸಲವೂ ಓಟು ಹಾಕಿರಲಿಲ್ಲ. ನಮ್ಮ ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಮೇಲಿನ ಕೋರ್ಟಿನ ಜಡ್ಜನ್ನು ಆರು ವರ್ಷಕ್ಕೊಮ್ಮೆ ಆರಿಸುತ್ತಾರೆ. ಆರಿಸುವವರು ಆ ಆರು ವರ್ಷದಲ್ಲಿ ಅದೇ ಕೋರ್ಟಿನಲ್ಲಿ ಸೋತವರು. ಗೆದ್ದವರಿಗೆ ಓಟಿಲ್ಲ, ಗೆದ್ದದ್ದನ್ನು ಇಟ್ಟುಕೊಂಡು ಅವರು ಮನೆಯಲ್ಲಿರಬೇಕು. ಯಾರ ಜೊತೆಗೂ ಜಗಳವಾಡದೆ ಬದುಕಿದವರಿಗೂ ಇಲ್ಲ. ಇಪ್ಪತ್ತು ವರ್ಷದಿಂದ ಆ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿಗಾರರ ಹೆಸರನ್ನು ಮೂರು ಮೂರು ಸಲ ಕೂಗುವ ಜವಾನ ನಾನು. ಊರಿನ ಅರ್ಧ ಜನ ನನ್ನ ಗಂಟಲಿನಿಂದಲೇ ಒಳಗೆ ಹೋಗಿ ಸೋತು, ಓಟು ಪಡೆದು ಹೊರಗೆ ಬಂದಿದ್ದಾರೆ. ಬಾಗಿಲಲ್ಲಿ ನಿಂತ ನನಗೆ ಮಾತ್ರ ಓಟಿರಲಿಲ್ಲ.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದ ಮೇಲೆ ಮೊದಲು ಕೇಳುವುದು ಮನೆಯಲ್ಲಿ ಎಷ್ಟು ಓಟಿದೆ ಎಂದು. ಅಂಗಡಿ ಬೀದಿಯ ಅಣ್ಣತಮ್ಮಂದಿರಿಬ್ಬರು ಒಂದು ನುಗ್ಗೆಮರದ ಮೇಲೆ ದಾವೆ ಹಾಕಿಕೊಂಡು, ಒಂದು ಸಲ ಅಣ್ಣ, ಇನ್ನೊಂದು ಸಲ ತಮ್ಮ ಎಂದು ಸರದಿಯ ಮೇಲೆ ಸೋಲುತ್ತಾರೆ. ನುಗ್ಗೆಕಾಯಿ ಎರಡು ಮನೆಯ ಹುಳಿಗೂ ಬೀಳುತ್ತದೆ. ಓಟಿನ ದಿನ ಸೋತವರು ಮದುವೆಗೆ ಹೊರಟವರ ಹಾಗೆ ಮಡಿಕೆ ಮುರಿಯದ ಬಟ್ಟೆ ಉಟ್ಟು ಬರುತ್ತಾರೆ. ಆಮೇಲೆ ಒಂದು ತಿಂಗಳು ಯಾರ ಮನೆಗೆ ಹೋದರೂ ಬೆರಳಿನ ಶಾಯಿ ಕಾಣುವ ಹಾಗೆ ಲೋಟ ಹಿಡಿದು ಕಾಫಿ ಕುಡಿಯುತ್ತಾರೆ.

ಇನ್ನೊಂದು ಕಟ್ಟಳೆಯೂ ಇದೆ. ಹೊಸ ಜಡ್ಜು ಬಂದರೆ ಹಿಂದಿನ ಆರು ವರ್ಷದಲ್ಲಿ ಸೋತವರು ತಮ್ಮ ಕೇಸನ್ನು ಒಂದೇ ಒಂದು ಸಲ ಮತ್ತೆ ತೆಗೆಸಬಹುದು. ಹಳೆಯ ಜಡ್ಜೇ ಮತ್ತೆ ಬಂದರೆ ಸೋತದ್ದು ಸೋತ ಹಾಗೆ, ಅಲ್ಲಿಂದ ಮುಂದೆ ದೇವರೂ ಕೇಳುವುದಿಲ್ಲ. ಹೀಗಿದ್ದ ಮೇಲೆ ಸೋತವನು ಹಳೆಯ ಜಡ್ಜಿಗೆ ಓಟು ಹಾಕಬೇಕಾದರೆ ಅವನಿಗೆ ತಲೆ ಕೆಟ್ಟಿರಬೇಕು. ಒಬ್ಬರು ಎರಡನೆಯ ಸಲ ಗೆದ್ದದ್ದನ್ನು ನಮ್ಮ ತಾತನೂ ಕಂಡಿರಲಿಲ್ಲ. ಚೂಡಾಮಣಿಯಮ್ಮ ಬರುವವರೆಗೆ.

ಚೂಡಾಮಣಿಯಮ್ಮ ಅರ್ಜಿ ಬರೆಯುವವರ ಮಗಳು. ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ಅಪ್ಪನ ಪಕ್ಕ ಕೂತು, ಕಾಗದದ ಅಂಚಿಗೆ ಗೆರೆ ಎಳೆಯುತ್ತಾ ಬೆಳೆದವರು. ಆಮೇಲೆ ವಕೀಲರಾದರು, ಕೆಳಗಿನ ಕೋರ್ಟಿನಲ್ಲಿ ಒಂಬತ್ತು ವರ್ಷ ಮುನ್ಸೀಫರಾಗಿದ್ದರು. ಮೊದಲ ಸಲ ಚುನಾವಣೆಗೆ ನಿಂತಾಗ ಜೊತೆಗೆ ಬರಲು ಯಾರೂ ಇಲ್ಲದೆ ನನ್ನನ್ನು ಕರೆದರು. ನನ್ನ ಗಂಟಲು ದೊಡ್ಡದು, ಓಟು ಇಲ್ಲದವನಾದ್ದರಿಂದ ಯಾರೂ ಅನುಮಾನ ಪಡುವುದಿಲ್ಲ, ಅಷ್ಟೇ ಕಾರಣ. ಎದುರಾಳಿಗಳು ಮನೆಮನೆಗೆ ಹೋಗಿ, "ನಿಮ್ಮ ಕೇಸು ಗೆಲ್ಲಿಸ್ತೀನಿ" ಎನ್ನುತ್ತಿದ್ದರು. ಈ ಅಮ್ಮ ಹಾಗೆ ಹೇಳಲಿಲ್ಲ. ನಾನು ಹೊತ್ತು ತಂದ ಮಡಿಸುವ ಸ್ಟೂಲನ್ನು ಜಗಲಿಯಲ್ಲಿ ಹಾಕಿಸಿಕೊಂಡು, ಕೆಂಪು ಬಟ್ಟೆಯ ಗಂಟು ಬಿಚ್ಚಿ, ಆ ಮನೆಯವರು ಸೋತ ತೀರ್ಪನ್ನು ತೆಗೆದು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಸೋತವರಲ್ಲಿ ಮುಕ್ಕಾಲು ಜನ ತಾವು ಯಾಕೆ ಸೋತೆವು ಎಂಬುದನ್ನು ಮೊದಲ ಬಾರಿಗೆ ಕೇಳಿದ್ದು ಆಗಲೇ. ಹನ್ನೊಂದು ಓಟಿನಲ್ಲಿ ಗೆದ್ದರು.

ಎರಡನೆಯ ಸಲ ಹೊರಟಾಗ ಗಂಟಿನಲ್ಲಿದ್ದದ್ದು ಅವರೇ ಬರೆದ ತೀರ್ಪುಗಳು. ಕುಂಬಾರಗೇರಿಯ ಹೊನ್ನಜ್ಜಿ ಕೇಳುವಷ್ಟು ಕೇಳಿ, "ನೀನು ಓದಿದಷ್ಟು ಹೊತ್ತು ನಾನು ಬಾಯಿ ಮುಚ್ಕೊಂಡು ಕೂತಿದ್ನಲ್ಲಾ ತಾಯಿ, ಈಗ ನೀನು ಕೂತ್ಕೊ" ಎಂದು ಶುರುಮಾಡಿದಳು. ಅಜ್ಜಿ ಬೈದ ಬೈಗುಳದಲ್ಲಿ ಕೆಲವನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ. ಅಮ್ಮ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಷ್ಟನ್ನೂ ಕೇಳಿದರು. ಸುದ್ದಿ ಹಬ್ಬಿತು. ಮಾರನೆಯ ದಿನದಿಂದ ಎಲ್ಲರಿಗೂ ಅದೇ ಬೇಕು. ಓದಿದಷ್ಟು ಹೊತ್ತು ಬೈಗುಳ. ಜಗಳ ಬರಬಾರದೆಂದು ನಾನು ಒಂದು ಅಲಾರಂ ಗಡಿಯಾರ ಹೊತ್ತುಕೊಂಡು ತಿರುಗಿದೆ. ಬೈದು ಬೈದು ಸುಸ್ತಾದವರು ಕೊನೆಗೆ ಒಂದು ಲೋಟ ಬೆಲ್ಲದ ನೀರು ತಂದುಕೊಡುತ್ತಿದ್ದರು. ಅಮ್ಮ ಇನ್ನೂರು ಚಿಲ್ಲರೆ ಓಟಿನಲ್ಲಿ ಗೆದ್ದರು. ತಮ್ಮನ್ನು ಸೋಲಿಸಿದವರನ್ನೇ ಜನ ಯಾಕೆ ಗೆಲ್ಲಿಸಿದರು ಎಂದು ನಾನು ಬಹಳ ಯೋಚಿಸಿದೆ. ತಲೆನೋವು ಬಂತೇ ಹೊರತು ಉತ್ತರ ಬರಲಿಲ್ಲ.

ಇನ್ನು ಸೇವಂತಿಯ ವಿಷಯ ಹೇಳಬೇಕು. ಅವಳು ನನ್ನ ತಮ್ಮ ಮಾದೇವನ ಮಗಳು. ಹುಟ್ಟಿದ ಹದಿನೈದನೆಯ ದಿನಕ್ಕೆ ತಾಯಿ ಹೋದಳು. ಮಾದೇವ ಮಗುವನ್ನು ನನ್ನ ಹೆಂಡತಿ ಚೆನ್ನಾಜಿಯ ಮಡಿಲಿಗೆ ಹಾಕಿ, ಬೋರ್‌ವೆಲ್ ಲಾರಿ ಹತ್ತಿ ಹೋದವನು ಎಂಟು ವರ್ಷ ಈ ಕಡೆ ತಲೆ ಹಾಕಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಆ ಎಂಟು ವರ್ಷ ನಮ್ಮ ಮನೆಯಲ್ಲಿ ಹಬ್ಬ ಬೇರೆ, ದಿನ ಬೇರೆ ಅಂತ ಇರಲಿಲ್ಲ. ಸೇವಂತಿಗೆ ಇದ್ದ ಒಂದೇ ಕೊರಗು ನನ್ನ ಓಟಿನದು. ಒಂದು ದಿನ ಶಾಲೆಯಲ್ಲಿ ಮೇಷ್ಟ್ರು, ಮನೆಯಲ್ಲಿ ಓಟಿರುವವರು ಕೈ ಎತ್ತಿ ಎಂದರಂತೆ. ಇಡೀ ಕ್ಲಾಸಿನಲ್ಲಿ ಕೈ ಎತ್ತದೆ ಕೂತವಳು ಇವಳೊಬ್ಬಳೇ. ಅಳುತ್ತಾ ಮನೆಗೆ ಬಂದಳು.

"ಯಾಕ್ ದೊಡ್ಡಪ್ಪ ನಿಂಗೆ ಓಟಿಲ್ಲ?"

"ಸೋತಿಲ್ಲ ಕಣವ್ವ."

"ಸೋಲೋಕೆ ಬರಲ್ವಾ ನಿಂಗೆ?"

ಚೆನ್ನಾಜಿ ಒಲೆಯ ಮುಂದಿನಿಂದಲೇ, "ನಿಮ್ಮ ದೊಡ್ಡಪ್ಪಂಗೆ ಅದೂ ಬರಲ್ಲ" ಎಂದು ನಕ್ಕಳು. ಸೇವಂತಿ ನಗಲಿಲ್ಲ. ತನ್ನ ಪೆನ್ನು ಬಿಚ್ಚಿ, ನನ್ನ ಬೆರಳಿನ ತುದಿಗೆ ಶಾಯಿ ಹಚ್ಚಿ, ಊದಿ ಒಣಗಿಸಿದಳು. ಸ್ನಾನ ಮಾಡಿದಾಗ ಹೋಯಿತು.

ಮಾದೇವ ಕಳೆದ ವರ್ಷ ಬಂದ. ಎರಡು ಬೀದಿ ಆಚೆ ಮನೆ ಮಾಡಿ, ಪಂಪು ರಿಪೇರಿ ಅಂಗಡಿ ಇಟ್ಟ. ಕುಡಿತವಿಲ್ಲ, ಕೆಟ್ಟ ಚಾಳಿಯಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಲಿಯಲ್ಲಿ ತಲೆ ತಗ್ಗಿಸಿ ಕೂತು, "ಅಣ್ಣ, ನನ್ನ ಮಗಳನ್ನ ಕೊಡು" ಎಂದ. ನಾನು ಕೊಡುವುದಿಲ್ಲ ಎಂದೆ. ಅವನು ದಾವೆ ಹಾಕಿದ. ಕೆಳಗಿನ ಕೋರ್ಟು ಮಗು ನಮ್ಮಲ್ಲೇ ಇರಲಿ ಎಂದಿತು. ಅವನು ಮೇಲಿನ ಕೋರ್ಟಿಗೆ ಹೋದ. ಇರುವುದು ಒಂದೇ ಮೇಲಿನ ಕೋರ್ಟು, ಒಬ್ಬರೇ ಜಡ್ಜು. ಕೇಸು ಬಂದ ದಿನ ಬಾಗಿಲಲ್ಲಿ ನಿಂತು, "ಬೋರಲಿಂಗಯ್ಯಾ, ಬೋರಲಿಂಗಯ್ಯಾ, ಬೋರಲಿಂಗಯ್ಯಾ" ಎಂದು ನನ್ನ ಹೆಸರನ್ನು ನಾನೇ ಕೂಗಿ, ನಾನೇ ಒಳಗೆ ಹೋದೆ. ಯಾರೋ ಕಿಸಕ್ಕನೆ ನಕ್ಕರು.

ಚೂಡಾಮಣಿಯಮ್ಮ ನನ್ನನ್ನು ಹೊಸಬನನ್ನು ನೋಡಿದಂತೆ ನೋಡಿದರು. ಸೇವಂತಿಯನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯಾಯಿತು. ಹೊರಗೆ ಬಂದ ಸೇವಂತಿ ನನ್ನನ್ನು ನೋಡಿ, ಹಬ್ಬಕ್ಕೆ ಮೊದಲೇ ಹೊಸ ಬಟ್ಟೆಯನ್ನು ಕದ್ದು ನೋಡಿದವಳ ಹಾಗೆ ತುಟಿ ಕಚ್ಚಿಕೊಂಡಳು. ಗೆದ್ದೆವು ಎಂದುಕೊಂಡೆ. ವಾರದ ನಂತರ ತೀರ್ಪು ಬಂತು. ಮಗು ತಂದೆಗೆ. ಸೇವಂತಿ ತನ್ನ ಚೀಲವನ್ನು ತಾನೇ ಕಟ್ಟಿಕೊಂಡು, ಚೆನ್ನಾಜಿಯ ಕೆನ್ನೆಗೆ ಮುತ್ತು ಕೊಟ್ಟು, ಅಪ್ಪನ ಜೊತೆ ಹೋದಳು. ಅಳಲಿಲ್ಲ. ಅದೇ ನಮಗೆ ಹೆಚ್ಚು ನೋವಾದದ್ದು. ಮಗು ಹೊಂದಿಕೊಳ್ಳಲಿ, ಓಟು ಮುಗಿಯುವ ತನಕ ಅತ್ತ ಹೋಗಬೇಡಿ ಎಂದು ತೀರ್ಪಿನ ಕೊನೆಯಲ್ಲಿ ಇತ್ತಂತೆ. ನಾವು ಹೋಗಲಿಲ್ಲ. ತೀರ್ಪಿನ ನಕಲನ್ನು ಕೈಗೆ ಕೊಟ್ಟಾಗ ನಾನು ಬಿಚ್ಚಲೂ ಇಲ್ಲ. ಊರಿನವರ ತೀರ್ಪನ್ನೆಲ್ಲ ಹೊತ್ತವನಿಗೆ ನನ್ನದು ಭಾರವಾಯಿತು.

ಓಟಿಗೆ ಇನ್ನು ನಾಲ್ಕು ತಿಂಗಳಿತ್ತು. ಹೋಟೆಲಿನಲ್ಲಿ ಕೂತರೆ ಪಕ್ಕದವರು ಬೆನ್ನು ತಟ್ಟಿ, "ಅಂತೂ ನಿಮಗೂ ಓಟು ಬಂತಲ್ಲ ಬೋರಲಿಂಗಯ್ಯನೋರೇ" ಎಂದು ಖುಷಿಪಟ್ಟರು. ನಾನು ಹೂಂ ಎಂದೆ. ಮನೆಯಲ್ಲಿ ಚೆನ್ನಾಜಿ ಬೇರೆ ಲೆಕ್ಕ ಹಾಕುತ್ತಿದ್ದಳು.

"ಮಾದೇವ ಸೋತಿದ್ರೆ ಅವನ ಓಟು ಯಾರಿಗೆ ಬೀಳ್ತಿತ್ತು?"

"ಪಂಚಾಕ್ಷರಿಗೆ" ಎಂದೆ. ಪಂಚಾಕ್ಷರಿ ಈ ಸಲ ಅಮ್ಮನ ಎದುರು ನಿಂತ ವಕೀಲ.

"ನೀವು ಸೋತ್ರೆ?"

ನಾನು ಮೂಲೆಯಲ್ಲಿದ್ದ ಮಡಿಸುವ ಸ್ಟೂಲನ್ನು ನೋಡಿದೆ.

"ಹನ್ನೆರಡು ವರ್ಷ ಆಯಮ್ಮನ ಸ್ಟೂಲು ಹೊತ್ತಿದ್ದೀರಿ. ನಿಮ್ಮ ಓಟು ಎಲ್ಲಿಗೆ ಹೋಗುತ್ತೆ ಅಂತ ಆಯಮ್ಮಂಗೆ ಗೊತ್ತಿಲ್ವಾ? ಒಂದು ಓಟಿಗೆ ನನ್ನ ಮಗೂನ ಕಿತ್ಕೊಂಡ್ಳು."

ಹಾಗಿರಲಾರದು ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ಹಾಗೇ ಇರಬೇಕು ಎಂದು ಮಧ್ಯಾಹ್ನ ಅನ್ನಿಸುತ್ತಿತ್ತು. ಪಂಚಾಕ್ಷರಿ ಒಂದು ಡಬ್ಬಿ ಲಾಡು ಹಿಡಿದು ಮನೆಗೇ ಬಂದ. "ನಾನು ಬಂದ ಮಾರನೇ ದಿನವೇ ನಿಮ್ಮ ಕೇಸು ತೆಗೀತೀನಿ ಬೋರಲಿಂಗಯ್ಯನೋರೇ. ಸಾಕಿದವರಿಗೆ ಮಗು ಇಲ್ಲ ಅಂದ್ರೆ ಇನ್ಯಾರಿಗೆ?" ಎಂದ. ಮಾತು ಸರಿಯಾಗಿಯೇ ಇತ್ತು. ಲಾಡೂ ಚೆನ್ನಾಗಿತ್ತು. ಅವನು ಹೋದ ಮೇಲೆ ಚೆನ್ನಾಜಿ ದೇವರ ಮುಂದೆ ದೀಪ ಹಚ್ಚಿ, "ಅವನಿಗೇ ಹಾಕಿ" ಎಂದಳು. ಹಾಕುತ್ತೇನೆ ಎಂದೆ. ಆದರೂ ಮಾರನೆಯ ದಿನ ಸ್ಟೂಲು, ಗಂಟು, ಗಡಿಯಾರ ಹೊತ್ತುಕೊಂಡು ಚೂಡಾಮಣಿಯಮ್ಮನ ಹಿಂದೆಯೇ ಹೊರಟೆ. ಯಾಕೆ ಎಂದು ಕೇಳಬೇಡಿ. ಕಾಲು ಹೋಯಿತು, ನಾನೂ ಹೋದೆ.

ಆ ಸಲದ ಪ್ರಚಾರ ನನಗೆ ಮಂಜಿನಲ್ಲಿ ನಡೆದಂತಿತ್ತು. ಮನೆ ಮನೆಯಲ್ಲೂ ಅಮ್ಮ ಓದಿದರು, ಜನ ಬೈದರು, ನಾನು ಅಲಾರಂ ನಿಲ್ಲಿಸಿದೆ. ಗೋಡೆ ಸೋತವರು, ದಾರಿ ಸೋತವರು, ಸೊಸೆಯ ಒಡವೆ ಸೋತವರು. ಅವರ ಬೈಗುಳ ಕೇಳುತ್ತಾ ಒಳಗೊಳಗೇ ಇನ್ನೂ ಬೈಯಲಿ ಎಂದುಕೊಳ್ಳುತ್ತಿದ್ದೆ. ಆದರೆ ಒಬ್ಬ ಎಲೆಅಡಿಕೆ ಉಗಿದು, ಅದು ಅಮ್ಮನ ಸೀರೆಗೆ ಸಿಡಿದಾಗ, ನಾನೇ ಅವನ ಕೊರಳಪಟ್ಟಿ ಹಿಡಿದೆ. ನನ್ನ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಅಮ್ಮ ಮಾತ್ರ ನನ್ನ ಕೇಸಿನ ಮಾತೇ ಎತ್ತಲಿಲ್ಲ. ಕೊನೆಯ ದಿನ ಸಂಜೆ ಐದು ಗಂಟೆಗೆ ಗಂಟಿನಲ್ಲಿ ಒಂದೇ ತೀರ್ಪು ಉಳಿಯಿತು.

"ಇನ್ನು ಯಾರ ಮನೆ?" ಎಂದರು.

ಪಟ್ಟಿ ನೋಡಿದೆ. "ನನ್ನದು" ಎಂದೆ.

"ನಡೆಯಿರಿ" ಎಂದರು. ಹನ್ನೆರಡು ವರ್ಷದಲ್ಲಿ ಅವರು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ನನ್ನ ಜಗಲಿಯಲ್ಲಿ ನಾನೇ ಸ್ಟೂಲು ಹಾಕಿದೆ. ಚೆನ್ನಾಜಿ ಹೊರಗೆ ಬರಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಅಮ್ಮ ಓದಿದರು. ನಾವು ಮಗುವನ್ನು ಚೆನ್ನಾಗಿ ಸಾಕಿದ್ದೇವೆ ಎಂದಿತ್ತು. ತಂದೆ ಬಿಟ್ಟುಹೋದದ್ದು ತಪ್ಪು ಎಂದಿತ್ತು. ಎರಡು ಪುಟ ನಮ್ಮ ಪರವಾಗಿಯೇ ಇತ್ತು. ಮೂರನೆಯ ಪುಟದಲ್ಲಿ ಹೀಗಿತ್ತು: "ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಮೂರು ಸಲ ಕೇಳಲಾಯಿತು. ಮೂರು ಸಲವೂ ತಂದೆಯ ಬಳಿಗೆ ಹೋಗುವುದಾಗಿ ಹೇಳಿದಳು. ಯಾರಾದರೂ ಹೇಳಿಕೊಟ್ಟರೇ ಎಂದು ಕೇಳಿದ್ದಕ್ಕೆ, ಇಲ್ಲ, ತಾನೇ ಯೋಚನೆ ಮಾಡಿದ್ದು ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಸಂತೋಷವಿತ್ತು. ಒಂಬತ್ತು ವರ್ಷದ ಮಗುವಿನ ಸಂತೋಷವನ್ನು ಮೀರಿ ಈ ನ್ಯಾಯಾಲಯ ಏನನ್ನೂ ಬರೆಯಲಾರದು."

ಅಡುಗೆಮನೆಯ ಸದ್ದು ನಿಂತಿತು.

ಅಮ್ಮ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹನ್ನೊಂದು ನಿಮಿಷ ಓದಿದ್ದೀನಿ. ಈಗ ನಿಮ್ಮದು."

ಬೈಯಬೇಕೆಂದು ಬಾಯಿ ತೆರೆದೆ. ಮೂರು ಮೈಲಿ ಕೇಳುವ ಗಂಟಲು ನನ್ನದು. ಒಂದು ಬೈಗುಳವೂ ಹೊರಡಲಿಲ್ಲ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಕೊನೆಗೆ, "ಅವಳಿಗೆ ಬದನೇಕಾಯಿ ಆಗಲ್ಲಮ್ಮ" ಎಂದೆ. "ತಿಂದ್ರೆ ಮೈಯೆಲ್ಲಾ ಗಂದೆ ಏಳುತ್ತೆ. ಮಾದೇವಂಗೆ ಗೊತ್ತಿಲ್ಲ. ಮಲಗೋವಾಗ ಅವಳ ದೊಡ್ಡಮ್ಮನ ಹಳೇ ಸೀರೆ ಒಂದು ಬೇಕು, ಹೊದಿಯೋಕಲ್ಲ, ಹಿಡ್ಕೊಳ್ಳೋಕೆ. ಎಡಗಿವಿ ಸೋರುತ್ತೆ, ತಲೆಗೆ ನೀರು ಹಾಕೋವಾಗ ಹತ್ತಿ ಇಡ್ಬೇಕು. ಏಳರ ಮಗ್ಗಿ ತಪ್ಪಿದ್ರೆ ಬೈಬಾರ್ದು, ಮೂಲೆ ಸೇರ್ಕೊಂಡ್ರೆ ಎರಡು ದಿನ ಮಾತಾಡಲ್ಲ."

"ನಿಧಾನ" ಎಂದರು ಅಮ್ಮ. ತೀರ್ಪನ್ನು ಮಗುಚಿ, ಅದರ ಬೆನ್ನಿನ ಮೇಲೆ ಬರೆದುಕೊಳ್ಳುತ್ತಿದ್ದರು. "ಕಿವಿ ಎಡಗಡೆಯದಾ?"

"ಎಡಗಡೆಯದು."

ಚೆನ್ನಾಜಿ ಬಾಗಿಲಿಗೆ ಬಂದು ನಿಂತು, "ಸೀರೆ ನಾನೇ ಕೊಟ್ಟು ಕಳಿಸ್ತೀನಿ, ಆ ಹಸಿರಂಚಿನದು" ಎಂದು ಒಳಗೆ ಹೋಗಿ ಅತ್ತಳು. ಅಲಾರಂ ಹೊಡೆಯಿತು. ನಾನು ನಿಲ್ಲಿಸಲಿಲ್ಲ, ಅದು ತಾನೇ ಸುಸ್ತಾಗಿ ನಿಂತಿತು. ಅಮ್ಮ ಹೊರಡುವಾಗ ಓಟು ಕೇಳಲಿಲ್ಲ. ಸೀರೆಯನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಆಮೇಲೆ ಚೆನ್ನಾಜಿ ಹೇಳಿದಳು, "ಮಗೂಗೇ ಸಂತೋಷ ಅಂದ್ಮೇಲೆ ನಾವ್ಯಾರು ಕಿತ್ತು ತರೋಕೆ. ನಿಮಗೆ ಸರಿ ಕಂಡವರಿಗೆ ಹಾಕಿ."

ಓಟು ಸೇವಂತಿಯ ಶಾಲೆಯಲ್ಲೇ ಇತ್ತು. ಮದುವೆಯಲ್ಲಿ ಕೊಟ್ಟ ಪಂಚೆಯನ್ನು ಚೆನ್ನಾಜಿ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದಳು, ಉಟ್ಟುಕೊಂಡು ಹೋದೆ. ಸಾಲಿನಲ್ಲಿ ನಿಂತವರು ನನಗೆ ಜಾಗ ಬಿಟ್ಟು, "ಮೊದಲ ಸಲ, ಮೊದಲ ಸಲ" ಎಂದು ಮುಂದೆ ಕಳಿಸಿದರು. ಗೇಟಿನ ಒಂದು ಕಂಬದ ಬಳಿ ಪಂಚಾಕ್ಷರಿ, ಇನ್ನೊಂದು ಕಂಬದ ಬಳಿ ಚೂಡಾಮಣಿಯಮ್ಮ ಕೈ ಮುಗಿದು ನಿಂತಿದ್ದರು. ಪಂಚಾಕ್ಷರಿ ಕಣ್ಣು ಹೊಡೆದ. ಅಮ್ಮ ನನ್ನನ್ನು ಹೊಸಬನನ್ನು ನೋಡಿದಂತೆ ನೋಡಿದರು. ಒಳಗೆ ಬೆರಳಿಗೆ ಶಾಯಿ ಹಚ್ಚಿದರು, ತಣ್ಣಗಿತ್ತು. ಪಂಚಾಕ್ಷರಿಗೆ ಹಾಕಿದರೆ ಕೇಸು ತೆರೆಯುತ್ತದೆ, ಮಗುವನ್ನು ಮತ್ತೆ ಕೋಣೆಗೆ ಕರೆಯುತ್ತಾರೆ, ಮತ್ತೆ ಅಪ್ಪನೋ ದೊಡ್ಡಪ್ಪನೋ ಎಂದು ಕೇಳುತ್ತಾರೆ. ಅವಳು ಸಂತೋಷದಿಂದ ಹೇಳಿದಳು ಎಂದು ತೀರ್ಪಿನಲ್ಲಿದ್ದ ಮಾತು ನೆನಪಾಯಿತು. ಎದೆ ಕಲ್ಲು ಮಾಡಿಕೊಂಡು ಚೂಡಾಮಣಿಯಮ್ಮನಿಗೆ ಗುರುತು ಹಾಕಿದೆ. ಚೀಟಿಯನ್ನು ಪೆಟ್ಟಿಗೆಗೆ ಬಿಟ್ಟಾಗ ನಾನು ಒಳ್ಳೆಯವನು ಅನ್ನಿಸಿತು. ಒಂದು ನಿಮಿಷ ಅನ್ನಿಸಿತು.

ಹೊರಗೆ ಬಂದರೆ ಆಟದ ಬಯಲಿನ ಜಾರುಬಂಡೆಯ ಹತ್ತಿರ ಸೇವಂತಿ ಕಾಯುತ್ತಿದ್ದಳು. ಮಾದೇವ ದೂರದಲ್ಲಿ ಸೈಕಲ್ ಹಿಡಿದು ನಿಂತಿದ್ದ. ನಾಲ್ಕು ತಿಂಗಳಿಗೆ ಒಂದಿಷ್ಟು ಉದ್ದವಾಗಿದ್ದಳು. ಓಡಿ ಬಂದವಳು ನನ್ನ ಮುಖ ನೋಡಲಿಲ್ಲ, ಕೈಯನ್ನೇ ಎಳೆದುಕೊಂಡು ಬೆರಳು ನೋಡಿದಳು. ಉಜ್ಜಿದಳು. ಶಾಯಿ ಹೋಗಲಿಲ್ಲ.

"ಬಂತು!" ಎಂದು ಕುಣಿದಳು. "ನಿಜವಾದ್ದು! ಯಾರಿಗೂ ಹೇಳಿಲ್ಲ ದೊಡ್ಡಪ್ಪ ನಾನು, ಜಡ್ಜಮ್ಮಂಗೂ ಹೇಳಿಲ್ಲ. ಮೂರು ಸಲ ಕೇಳಿದ್ರು. ಅಪ್ಪನ ಹತ್ರ ಹೋಗ್ತೀನಿ ಅಂದ್ಬಿಟ್ಟೆ."

"ಯಾಕವ್ವ ಹಂಗಂದೆ?"

"ಮತ್ತೆ ನೀನು ಸೋಲ್ಬೇಕಲ್ಲ? ನಿಂಗೆ ಸೋಲೋಕೆ ಬರಲ್ಲ ಅಂತ ದೊಡ್ಡಮ್ಮಾನೇ ಹೇಳಿದ್ಳು."

ತಿರುಗಿ ನೋಡಿದೆ. ಗೇಟಿನ ಹತ್ತಿರ ಚೂಡಾಮಣಿಯಮ್ಮ ಕೈ ಮುಗಿದುಕೊಂಡೇ ಇದ್ದರು. ಸಾಲಿನಲ್ಲಿ ಇನ್ನೂ ಮೂವತ್ತೋ ನಲವತ್ತೋ ಜನರಿದ್ದರು. ಅವರಿಗೆಲ್ಲ ಕೇಳುವ ಹಾಗೆ ಪಂಚಾಕ್ಷರಿಯ ಹೆಸರನ್ನು ಮೂರು ಸಲ ಕೂಗಿಬಿಡಲೇ ಎನ್ನಿಸಿತು. ಮಾದೇವ ಸೈಕಲ್ಲಿನ ಮುಂದೆ ಮಗಳಿಗೆಂದು ಕಟ್ಟಿಸಿದ್ದ ಚಿಕ್ಕ ಸೀಟು ಕಾಣಿಸಿತು. ಅದರ ಮೇಲೆ ಹಸಿರಂಚಿನ ಸೀರೆಯನ್ನು ಮೆತ್ತಗಾಗಲೆಂದು ಮಡಿಸಿ ಹಾಕಿದ್ದ.

ಸೇವಂತಿ ಶಾಯಿ ಹಚ್ಚಿದ ನನ್ನ ಬೆರಳನ್ನೇ ಹಿಡಿದುಕೊಂಡು ನಮ್ಮ ಬೀದಿಯ ಕಡೆಗೆ ಎಳೆದಳು.

"ಓಟು ಹಾಕಾಯ್ತಲ್ಲ, ನಡಿ ಮನೆಗೆ ಹೋಗಣ. ಅಪ್ಪಂಗೆ ಟಾಟಾ ಹೇಳಿ ಬಂದಿದ್ದೀನಿ" ಎಂದಳು. "ದೊಡ್ಡಮ್ಮ ಇವತ್ತು ಏನ್ ಅಡುಗೆ ಮಾಡಿದ್ದಾಳೆ?"